ಅನ್ನಕಾರೆ ಅಂದರೆ ತೂಗುವುದು

ನಮ್ಮ ಸಿಸಿಲಿಯಲ್ಲಿ ‘ಅನ್ನಕಾರೆ’ ಅಂತ ಒಂದು ಮಾತಿದೆ. ಈಗೀಗ ಇಡೀ ಇಟಲಿಯೇ ಅದನ್ನು ನಮ್ಮಿಂದ ಎರವಲು ತಗೊಂಡಿದೆ. ಪೇಪರಿನವರು ಬರೆಯುತ್ತಾರೆ, ಟಿವಿಯವರು ಹಲ್ಲು ಕಿರಿದು ಹೇಳುತ್ತಾರೆ. ಅವರಿಗೆ ಅದು ತಮಾಷೆ. ನನಗೆ ಆ ಮಾತು ಕಿವಿಗೆ ಬಿದ್ದರೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತದೆ. ಯಾಕೆ ಅಂತ ಹೇಳುತ್ತೇನೆ. ಆದರೆ ಮೊದಲು ಆ ಮಾತು ಎಲ್ಲಿಂದ ಬಂತು ಅಂತ ಹೇಳಿಬಿಡಬೇಕು. ಇಲ್ಲದಿದ್ದರೆ ನಮ್ಮೂರ ಗಂಡಸರು ಮಾಡಿದ್ದೇನು ಅಂತ ನಿಮಗೆ ಅರ್ಥವಾಗುವುದಿಲ್ಲ, ಅವರ ಪರ ವಹಿಸಿಕೊಂಡೂ ಬಿಡುತ್ತೀರಿ.

‘ನಾಕ’ ಅಂದರೆ ತೊಟ್ಟಿಲು. ಮರದ್ದಲ್ಲ, ಮರದ್ದು ಉಳ್ಳವರ ಮನೆಯದು. ನಮ್ಮದು ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ, ಅಪ್ಪ ಅಮ್ಮನ ಮಂಚದ ಮೇಲೆ ಇಳಿಬಿಟ್ಟ ಜೋಲಿ. ಅದರಿಂದ ಒಂದು ದಾರ ಕೆಳಗೆ ನೇತಾಡುತ್ತಿರುತ್ತಿತ್ತು. ಮಗು ಅತ್ತರೆ ಅಮ್ಮ ನಿದ್ದೆಗಣ್ಣಲ್ಲೇ ಎಳೆಯುತ್ತಿದ್ದಳು. ನನ್ನನ್ನೂ ಹಾಗೇ ತೂಗಿದರು, ನನ್ನ ತಂಗಿ ಅಗತೀನಳನ್ನೂ ಹಾಗೇ ತೂಗಿದರು. ಅದೇ ಕೋಣೆಯ ಮೂಲೆಯಲ್ಲಿ ಹೇಸರಗತ್ತೆ ನಿಂತು ಹುಲ್ಲು ಅಗಿಯುತ್ತಿತ್ತು. ಮೊದಲಿದ್ದ ಮುದಿ ಪಾದ್ರಿ ಹೇಳುತ್ತಿದ್ದರು, ‘ನಾಕ’ ಅನ್ನುವುದು ಗ್ರೀಕರ ಮಾತಂತೆ. ಉಣ್ಣೆ ಸಮೇತ ಇರುವ ಕುರಿಚರ್ಮಕ್ಕೆ ಅವರು ಹಾಗೆ ಅನ್ನುತ್ತಿದ್ದರಂತೆ. ಆ ಚರ್ಮದಲ್ಲಿ ಮಗುವನ್ನು ಮಲಗಿಸಿ ತೂಗಿದರು. ಚರ್ಮ ಹೋಯಿತು, ಗ್ರೀಕರೂ ಹೋದರು, ಹೆಸರೊಂದು ನಮ್ಮ ಮನೆಯ ಹಗ್ಗದಲ್ಲಿ ಉಳಿದುಕೊಂಡಿತು. ನಾಕದಲ್ಲಿಟ್ಟು ತೂಗುವುದೇ ಅನ್ನಕಾರೆ.

ಅಲ್ಲಿಗೇ ಬಿಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ನಮ್ಮವರು ಬಿಡುತ್ತಾರೆಯೇ? ಸೊಂಟ ಬಳುಕಿಸಿ ನಡೆಯುವ ಹುಡುಗಿಗೂ ಅದೇ ಮಾತು. ಹೊಸ ಕೋಟು ಹಾಕಿಕೊಂಡು ಚೌಕದಲ್ಲಿ ಭುಜ ಕುಣಿಸುತ್ತಾ ತಿರುಗುವ ಗಂಡಸಿಗೂ ಅದೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೈಯೆಲ್ಲ ಅಲ್ಲಾಡಿಸಿ ಒಂದು ಕಡ್ಡಿ ಎತ್ತಿ ಆಚೆ ಇಡದ ಕೆಲಸಗಾರನಿಗೂ ಅದೇ. ಇನ್ನು ಮಕ್ಕಳನ್ನು ಅಂಗಡಿಗೆ ಕಳಿಸುವಾಗ ‘ಅನ್ನಾಕತಿ!’ ಅಂದರೆ ಬೇಗ ಓಡು ಅಂತ. ಓಡು ಅನ್ನುವುದಕ್ಕೂ ಇದ್ದಲ್ಲೇ ಇರು ಅನ್ನುವುದಕ್ಕೂ ಒಂದೇ ಮಾತು ಸಾಕಾದ ಜನ ನಾವು.

ಇವೆಲ್ಲಕ್ಕಿಂತ ದೊಡ್ಡ ಅರ್ಥ ಶುಭ ಶುಕ್ರವಾರದ್ದು. ಅವತ್ತು ಶಿಲುಬೆಗೇರಿದ ಮಗನಿಗಾಗಿ ಅಳುವ ಮೇರಿಯ, ನಮ್ಮ ವ್ಯಾಕುಲ ಮಾತೆಯ, ಪಲ್ಲಕ್ಕಿ ಹೊರಡುತ್ತದೆ. ಎರಡು ಉದ್ದ ತೊಲೆ, ತೊಲೆಗೆ ಹೆಗಲು ಕೊಟ್ಟ ನಲವತ್ತು ಗಂಡಸರು, ಮೇಲೆ ಕಪ್ಪು ಶಾಲು ಹೊದ್ದು ಎದೆಗೆ ಚೂರಿ ನೆಟ್ಟುಕೊಂಡ ಮಾತೆ. ಮುಂದೆ ಕೈಗಂಟೆ ಹಿಡಿದ ಮೇಸ್ತ್ರಿ. ಅವನು ಗಂಟೆಯನ್ನು ಒಂದೇ ಸಮ ಬಾರಿಸಿದರೆ ಹೊತ್ತವರು ತೂಗಬೇಕು. ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಯಾವ ಮನೆಯಲ್ಲಿ ಕಾಯಿಲೆಯವರಿದ್ದಾರೋ, ಯಾವ ಬಸುರಿಗೆ ನೋವು ಎದ್ದಿದೆಯೋ, ಆ ಮನೆ ಮುಂದೆ ಹೆಚ್ಚು ತೂಗಬೇಕು. ನಾವು ಮಾತೆಯನ್ನು ಬೀದಿಯಲ್ಲಿ ತೂಗಿದರೆ ಮಾತೆ ಒಳಗಿರುವವರನ್ನು ತೂಗುತ್ತಾಳೆ ಅಂತ ನಂಬಿಕೆ. ಇನ್ನೊಂದು ಕಟ್ಟಳೆ ಇದೆ, ಅದು ನಮ್ಮೂರಿನದು ಮಾತ್ರ. ಚರ್ಚಿನಿಂದ ಹೊರಟ ಪಲ್ಲಕ್ಕಿ ಗುಡ್ಡದ ಮೇಲಿನ ಶಿಲುಬೆ ಮುಟ್ಟುವವರೆಗೆ ಬಂದ ದಾರಿಗೆ ತಿರುಗುವಂತಿಲ್ಲ, ಎಲ್ಲಿಯೂ ಇಳಿಸುವಂತಿಲ್ಲ. ಪಕ್ಕದೂರಿನವರು ನಡುನಡುವೆ ಇಳಿಸಿ ಬೆವರು ಒರೆಸಿಕೊಳ್ಳುತ್ತಾರೆ. ‘ಅವರು ಮಾತೆನ ಆಲೂಗಡ್ಡೆ ಮೂಟೆ ಥರ ಇಳಿಸ್ತಾರೆ, ನಾವು ಇಳಿಸಲ್ಲ’ ಅಂತ ನಮ್ಮವರು ವರ್ಷವಿಡೀ ಕಾಫಿ ಕುಡಿಯುತ್ತಾ ಜಂಭ ಕೊಚ್ಚುತ್ತಾರೆ. ಬೇರೆ ಜಂಭಕ್ಕೆ ನಮ್ಮೂರಲ್ಲಿ ಏನೂ ಇಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂದನೇ ಇಸವಿಯ ಶುಭ ಶುಕ್ರವಾರ ನನ್ನ ತಂಗಿ ಅಗತೀನಳಿಗೆ ನೋವು ಎದ್ದಿತು. ಚೊಚ್ಚಲು. ನಾವಿದ್ದದ್ದು ಕಲ್ಲುತೊಟ್ಟಿ ಬೀದಿಯಲ್ಲಿ, ಈಗಲೂ ನಾನು ಇರುವುದು ಅಲ್ಲೇ. ಬೀದಿಯ ಮೇಲಿನ ತುದಿಯಲ್ಲಿ ಗುಡ್ಡಕ್ಕೆ ಹತ್ತುವ ಮೆಟ್ಟಿಲು, ಕೆಳಗಿನ ತುದಿಯಲ್ಲಿ ಡಾಂಬರು ರಸ್ತೆ. ಕಾರು ಬರುವುದಾದರೂ ಹೋಗುವುದಾದರೂ ಆ ಕೆಳಗಿನ ಬಾಯಿಯೊಂದೇ. ಅವಳ ಗಂಡ ಲಿಬೋರಿಯೊ ಬೆಳಿಗ್ಗೆಯೇ ಬಿಳಿ ಅಂಗಿ ತೊಟ್ಟು ಚರ್ಚಿಗೆ ಹೋಗಿಬಿಟ್ಟಿದ್ದ. ಆ ವರ್ಷ ಅವನಿಗೆ ಎಡ ತೊಲೆಯ ತುದಿ ಸಿಕ್ಕಿತ್ತು, ಎಲ್ಲರಿಗಿಂತ ಮುಂದೆ. ಅದಕ್ಕಾಗಿ ಆರು ವರ್ಷದಿಂದ ಹಿಂದಿನ ಸಾಲಿನಲ್ಲಿ ಹೆಗಲು ಸವೆಸಿದ್ದ.

ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿ ಪಿಪ್ಪೀನ ಕೋಣೆಯಿಂದ ಆಚೆ ಬಂದಳು. ಮೊಣಕೈವರೆಗೆ ರಕ್ತ.

‘ಜೆಸುವಾಲ್ದ, ಇದು ನನ್ನ ಕೈಲಾಗೋದಲ್ಲ ಕಣೇ. ನೆತ್ರು ನಿಲ್ತಿಲ್ಲ. ಪಟ್ಟಣದ ಆಸ್ಪತ್ರೆಗೆ ಸಾಗಿಸು. ಈಗಲೇ.’

ನಾನು ಬರಿಗಾಲಲ್ಲಿ ಹಿಟ್ಟಿನ ಗಿರಣಿಯ ಗ್ರೆಗೋರಿಯೊನ ಮನೆಗೆ ಓಡಿದೆ. ನಮ್ಮ ಕಡೆ ಕಾರಿದ್ದವನು ಅವನೊಬ್ಬನೇ. ಪುಣ್ಯಾತ್ಮ, ಊಟದ ಮೇಜಿನಿಂದ ಎದ್ದು ಬಂದ. ಅಗತೀನಳನ್ನು ದುಪ್ಪಟಿಯಲ್ಲಿ ಸುತ್ತಿ ಹಿಂದಿನ ಸೀಟಿಗೆ ಹಾಕಿದೆವು. ಅವಳ ತಲೆ ನನ್ನ ತೊಡೆಯ ಮೇಲೆ, ಕಾಲ ಬಳಿ ಪಿಪ್ಪೀನ. ಕಾರು ಇಳಿಜಾರಿನಲ್ಲಿ ಹೊರಟಿತು. ಕಲ್ಲುತೊಟ್ಟಿಯ ಹತ್ತಿರ ತಿರುಗುವಷ್ಟರಲ್ಲಿ ತಮಟೆ ಕೇಳಿಸಿತು, ಕೆಳಗಿನ ಬಾಯಿಯಿಂದ ಪಲ್ಲಕ್ಕಿ ಒಳಗೆ ನುಗ್ಗಿತು. ಈ ಗೋಡೆಯಿಂದ ಆ ಗೋಡೆಯವರೆಗೆ ಗಂಡಸರು. ಗ್ರೆಗೋರಿಯೊ ಬ್ರೇಕು ಒತ್ತಿದ. ಕಾರಿನ ಮೂತಿಗೂ ಪಲ್ಲಕ್ಕಿಯ ತೊಲೆಗೂ ನಡುವೆ ಒಂದು ಮಂಚ ಹಾಕುವಷ್ಟು ಜಾಗ.

ಹಿಂದಕ್ಕೆ ಹೋದರೆ ಮೆಟ್ಟಿಲು, ಮೆಟ್ಟಿಲ ತುಂಬ ಜನ. ನಾನು ಇಳಿದು ಕೂಗಿದೆ. ಆಗಿನ ಮೇಸ್ತ್ರಿ ಬಾರ್ತೊಲೊ, ಗಾರೆ ಕೆಲಸದವನು, ಗಂಟೆ ಹಿಡಿದು ಮುಂದೆ ಬಂದ.

‘ಏನಮ್ಮಾ ಇದು, ಮಾತೆ ಎದುರಿಗೆ ಕಾರು ತಂದು ನಿಲ್ಸಿದೀರಿ?’

‘ಅಗತೀನ ಒಳಗಿದಾಳೆ. ನೆತ್ರು ಹೋಗ್ತಿದೆ. ಆಸ್ಪತ್ರೆಗೆ ಹೋಗ್ಬೇಕು, ದಾರಿ ಬಿಡಿ ಮೇಸ್ತ್ರಿ, ನಿಮ್ಮ ಕಾಲಿಗೆ ಬೀಳ್ತೀನಿ!’

ಅವನು ಟೋಪಿ ತೆಗೆದ. ಕಣ್ಣಲ್ಲಿ ನೀರು ತುಂಬಿಕೊಂಡ. ಒಳ್ಳೆಯವನೇ, ಅದೇ ಕರ್ಮ. ಕೆಟ್ಟವನಾಗಿದ್ದರೆ ಬೈದು ಬದಿಗೆ ತಳ್ಳಬಹುದಿತ್ತು.

‘ಅಯ್ಯೋ, ನಮ್ಮ ಲಿಬೋರಿಯೊನ ಹೆಂಡ್ತಿ!’ ಅಂದವನೇ ಹಿಂದೆ ತಿರುಗಿ ಕೂಗಿದ. ‘ಹುಡುಗ್ರಾ! ಅಗತೀನ ಕಷ್ಟದಲ್ಲಿದಾಳೆ. ಕೂಸು ಬರ್ತಿಲ್ಲ. ಇವತ್ತು ತೂಗಿ ತೋರಿಸ್ರೋ! ಹಿಂದೆ ಯಾರೂ ತೂಗಿರಬಾರ್ದು, ಮುಂದೆ ಯಾರೂ ತೂಗಬಾರ್ದು, ಹಂಗೆ ತೂಗ್ರೋ!’

ಗಂಟೆ ಒಂದೇ ಸಮ ಬಡಿಯತೊಡಗಿತು.

‘ತೂಗೋದಲ್ಲ! ದಾರಿ ಬಿಡ್ರೋ!’ ಅಂತ ನಾನು ಅರಚಿದೆ. ‘ಆ ತೊಟ್ಟಿ ಕಟ್ಟೆ ಮೇಲೆ ಒರಗಿಸ್ರೋ, ಕಾರು ಹೋಗುತ್ತೆ!’

‘ಇಳಿಸೋದಾ?’ ಬಾರ್ತೊಲೊ ನನ್ನ ಬಾಯಿಗೇ ಕೈ ಅಡ್ಡ ಹಿಡಿದ. ‘ಬಿಡ್ತು ಅನ್ನು. ಬಸುರಿ ಮುಂದೆ ಮಾತೆನ ಇಳಿಸೋದಾ? ತಂಗಿ ಬದುಕಬೇಕೋ ಬೇಡವೋ ನಿಂಗೆ?’

ಆ ಕಟ್ಟೆಯನ್ನು ನೀವು ನೋಡಬೇಕು. ಸೊಂಟದೆತ್ತರ, ಅಗಲವಾದ ಕಲ್ಲು. ಅಲ್ಲಿ ಬೀದಿಯೂ ಸ್ವಲ್ಪ ಹಿಗ್ಗಿದೆ. ನೀರು ಕುಡಿಯಲು ಬಂದ ಹೇಸರಗತ್ತೆಗಳಿಗಾಗಿ ಹಿಂದಿನವರು ಬಿಟ್ಟ ಜಾಗ.

ನಾನು ಲಿಬೋರಿಯೊನ ಹತ್ತಿರ ಓಡಿದೆ. ಎಡ ತೊಲೆಯ ತುದಿಯಲ್ಲಿದ್ದ. ಕಾರಿನ ಗಾಜಿನ ಆಚೆ ಹೆಂಡತಿಯ ಮುಖ ಅವನಿಗೆ ಕಾಣುತ್ತಿತ್ತು. ಅವನ ಅಂಗಿ ಹಿಡಿದು ಜಗ್ಗಿದೆ.

‘ಸಾಯ್ತಿದಾಳೆ ಕಣೋ! ಬಿಟ್ಟು ಬಾರೋ! ನೀನು ಬಿಟ್ರೆ ಎಲ್ರೂ ನಿಲ್ಲಿಸ್ತಾರೆ!’

ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು ಅವನಿಗೆ. ಹೆಗಲು ಮಾತ್ರ ತೊಲೆ ಬಿಡಲಿಲ್ಲ.

‘ತೂಗ್ತಿದೀನಿ ಅತ್ತಿಗೆ,’ ಅಂದ. ‘ತೂಗ್ತಾನೇ ಇದೀನಿ.’

ಕಾರಿಗೆ ವಾಪಸ್ ಬಂದೆ. ವಾದ್ಯದವರು ಶೋಕದ ರಾಗ ಬಿಟ್ಟು ಜೋಗುಳ ಹಿಡಿದಿದ್ದರು. ಮಹಡಿಗಳಲ್ಲಿ ಹೆಂಗಸರು ಮಂಡಿಯೂರಿ ಅಳುತ್ತಿದ್ದರು. ಗಾಜಿನ ತುಂಬ ಆ ಪಲ್ಲಕ್ಕಿ ಎಡಕ್ಕೆ ವಾಲಿ ಬಲಕ್ಕೆ ವಾಲಿ, ಹತ್ತಿರ ಬಂದು ದೂರ ಹೋಗಿ, ನನಗೇ ತಲೆ ಸುತ್ತುತ್ತಿತ್ತು. ಗ್ರೆಗೋರಿಯೊ ಎಂಜಿನ್ ಆರಿಸಿರಲಿಲ್ಲ, ಸೀಟು ನಡುಗುತ್ತಿತ್ತು. ಅಗತೀನ ಕಣ್ಣು ತೆರೆದಳು.

‘ಹೋಗ್ತಿದೀವಾ ಅಕ್ಕ?’

‘ಹೋಗ್ತಿದೀವಿ ಪುಟ್ಟಿ. ಬಂದೇಬಿಡ್ತು,’ ಅಂದೆ.

ಕೂಸು ಆ ಕಾರಿನಲ್ಲೇ ಹುಟ್ಟಿತು. ಪಿಪ್ಪೀನ ಅದನ್ನು ಎಳೆದುಕೊಂಡಳು, ಅದು ಕಿರುಚಿತು. ಕಿರುಚಿದ್ದು ಕೇಳಿ ಇಡೀ ಬೀದಿ ‘ಮಾತೆಗೆ ಜಯವಾಗಲಿ!’ ಅಂತ ಒಂದೇ ಗಂಟಲಲ್ಲಿ ಕೂಗಿತು. ಆಮೇಲೂ ತೂಗಿದರು, ಸಂತೋಷಕ್ಕೆ. ಗಂಡಸರು ಬಿಕ್ಕಿ ಬಿಕ್ಕಿ ಅಳುತ್ತಾ ತೂಗಿದರು. ಆಮೇಲೆ ನಮ್ಮ ಕಾರನ್ನು ತೊಟ್ಟಿಯ ಎದುರಿನ ಗೋಡೆಗೆ ಒತ್ತರಿಸಿ, ಅಡ್ಡಡ್ಡ ನುಸುಳಿ, ಮೆಟ್ಟಿಲು ಹತ್ತಿ ಹೋದರು. ಅವರು ಮೆಟ್ಟಿಲು ಹತ್ತುವ ಮೊದಲೇ ಅಗತೀನಳ ಕೈ ತಣ್ಣಗಾಗಿತ್ತು.

ಊರಿನವರು ಅದಕ್ಕೊಂದು ಕತೆ ಕಟ್ಟಿಕೊಂಡರು. ಹೇಗಿದ್ದರೂ ಇಬ್ಬರೂ ಹೋಗುತ್ತಿದ್ದರು, ಗಂಡಸರು ತೂಗಿದ್ದಕ್ಕೆ ಮಾತೆ ಕೂಸನ್ನಾದರೂ ಕೊಟ್ಟಳು ಅಂತ. ಪಿಪ್ಪೀನ ಮೊದಮೊದಲು ನನ್ನ ಜೊತೆ ಹಲ್ಲು ಕಡಿಯುತ್ತಿದ್ದವಳು ಆಮೇಲೆ ‘ಹೌದು, ತಾಯಿ ಉಳಿಯೋ ಹಾಗಿರಲಿಲ್ಲ’ ಅನ್ನತೊಡಗಿದಳು. ಅವಳಿಗೂ ಊರಲ್ಲಿ ಬದುಕಬೇಕಿತ್ತಲ್ಲ. ‘ಎಪ್ಪತ್ತೊಂದರ ತೂಗು’ ಅಂದರೆ ಇವತ್ತಿಗೂ ಮುದುಕರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ನನಗೇ ಬಂದು ಹೇಳುತ್ತಾರೆ, ನಾಚಿಕೆ ಇಲ್ಲದವರು: ‘ನಿಮ್ಮ ಮನೆಗೆ ಸಿಕ್ಕ ಗೌರವ ಬೇರೆ ಯಾರಿಗೂ ಸಿಕ್ಕಿಲ್ಲ ಜೆಸುವಾಲ್ದ.’ ಥೂ!

ಕೂಸಿಗೆ ವ್ಯಾಕುಲ ಮಾತೆಯ ಹೆಸರೇ ಇಟ್ಟರು, ಅದ್ದೊಲೊರಾತ. ನಾವು ಕರೆಯುವುದು ದೋರ. ಅವಳನ್ನು ಸಾಕಿದ್ದು ನಾನು. ಮದುವೆಯ ಬಟ್ಟೆ ಹೊಲಿದು ಹೊಲಿದು ಊರಿನ ಹುಡುಗಿಯರನ್ನೆಲ್ಲ ಗಂಡನ ಮನೆಗೆ ಕಳಿಸಿಕೊಟ್ಟೆ, ನಾನು ಎಲ್ಲಿಗೂ ಹೋಗಲಿಲ್ಲ. ಲಿಬೋರಿಯೊ ಎರಡು ವರ್ಷಕ್ಕೆ ಮೇಲಿನ ಕೇರಿಯವಳನ್ನು ಮದುವೆಯಾದ. ಭಾನುವಾರ ಭಾನುವಾರ ರಿಕೊತ್ತಾ ಗಿಣ್ಣು ತುಂಬಿದ ಸಿಹಿ ತಗೊಂಡು ಮಗಳನ್ನು ನೋಡಲು ಬರುತ್ತಿದ್ದ. ತೊಡೆಯ ಮೇಲೆ ಕೂರಿಸಿಕೊಂಡು ‘ಅಪ್ಪ ತೂಗಿದ್ದಕ್ಕೆ ನೀನು ಬಂದೆ’ ಅಂತ ಹೇಳುತ್ತಿದ್ದ. ಅವನು ಹೋದ ಮೇಲೆ ನಾನು ನಡೆದದ್ದು ನಡೆದ ಹಾಗೆ ಹೇಳುತ್ತಿದ್ದೆ. ಮುಚ್ಚಿಡುವ ಚಾಳಿ ನನಗಿಲ್ಲ. ಚರ್ಚಿನ ಬಾಗಿಲಲ್ಲೂ ಹೇಳಿದ್ದೇನೆ, ರೊಟ್ಟಿ ಅಂಗಡಿಯ ಸಾಲಿನಲ್ಲೂ ಹೇಳಿದ್ದೇನೆ. ಊರು ನನ್ನನ್ನು ‘ಹುಳಿ ವೈನು’ ಅಂತ ಕರೆಯುತ್ತದೆ. ಕರೆಯಲಿ. ಬೇಜಾರೆಂದರೆ ದೋರಳಿಗೂ ಅಪ್ಪನ ಕತೆಯೇ ರುಚಿಸಿತು. ತನ್ನನ್ನು ಮಾತೆ ತೂಗಿ ತಂದಳು ಅಂತ ಕೇಳುವುದು ಚಂದವೋ, ತನ್ನನ್ನು ಹೆರುವಾಗ ದಾರಿ ಸಿಗದೆ ಅಮ್ಮ ಸತ್ತಳು ಅಂತ ಕೇಳುವುದು ಚಂದವೋ? ಮಗುವನ್ನು ಏನಂತ ದೂರಲಿ?

ಬಾರ್ತೊಲೊ ತೀರಿಕೊಂಡ ಮೇಲೆ ಗಂಟೆ ಲಿಬೋರಿಯೊನ ಕೈಗೆ ಬಂತು. ಅವನು ಮೇಸ್ತ್ರಿಯಾದ. ಎಪ್ಪತ್ತೊಂದರಲ್ಲಿ ಹೆಂಡತಿ ಕಣ್ಣೆದುರಿಗೇ ಸಾಯುತ್ತಿದ್ದರೂ ಹೆಗಲು ಬಿಡದವನಿಗಿಂತ ದೊಡ್ಡವನು ಯಾರಿದ್ದಾನೆ? ಅದೇ ಮಾತನ್ನು ಹೊಗಳಿಕೆಯಾಗಿ ಹೇಳಿ ಗಂಟೆ ಕೊಟ್ಟರು.

ಇದೆಲ್ಲ ಹಳೆಯದು. ಈಗ ತೊಂಬತ್ತೊಂಬತ್ತರ ಕತೆಗೆ ಬರುತ್ತೇನೆ. ಮದುವೆಯಾಗಿ ನಾಲ್ಕು ವರ್ಷದ ಮೇಲೆ ದೋರ ಬಸುರಿಯಾದಳು. ಗಂಡ ಸಾಂತೊ ಬಸ್ಸಿನ ಡ್ರೈವರು, ಸಾಧು ಪ್ರಾಣಿ. ಇಬ್ಬರೂ ನನ್ನ ಜೊತೆಯೇ ಇದ್ದರು. ದಿನ ಲೆಕ್ಕ ಹಾಕಿದರೆ ಈಸ್ಟರ್ ಕಳೆದು ಹೆರಿಗೆ. ನನಗೆ ನಿದ್ದೆ ಬರಲಿಲ್ಲ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಊಟಕ್ಕೆ ಕೂತಾಗ ಬಾಯಿ ಬಿಟ್ಟೆ.

‘ದೋರ, ನಾಳೆನೇ ಪಟ್ಟಣಕ್ಕೆ ಹೊರಡು. ನಿನ್ನ ನಾದಿನಿ ಮನೆ ಆಸ್ಪತ್ರೆ ಎದುರಿಗೇ ಇದೆ. ಈಸ್ಟರ್ ಕಳೆದು ಬಾ.’

‘ಡಾಕ್ಟರು ಇನ್ನೂ ಎರಡು ವಾರ ಅಂದಿದಾರೆ ದೊಡ್ಡಮ್ಮ.’

‘ಡಾಕ್ಟರು ಒಳಗೆ ಇಣುಕಿ ನೋಡಿ ಬಂದಿದಾರಾ?’

‘ನೀನು ಬಂದಿದೀಯಾ?’ ಅಂದಳು. ಬಾಯಿ ನನ್ನದೇ, ಕಲಿಸಿದವಳು ನಾನೇ. ‘ಶುಕ್ರವಾರ ಅಪ್ಪ ನಮ್ಮ ಬಾಗಿಲ ಮುಂದೆ ತೂಗಿಸ್ತೀನಿ ಅಂದಿದಾರೆ. ನಾನು ಇಲ್ಲೇ ಇರ್ಬೇಕು. ಹೊಟ್ಟೇಲಿರೋದು ಆ ಗಂಟೆ ಕೇಳಿಸ್ಕೊಳ್ಳಲಿ. ನಾನೂ ಹಾಗೇ ಹುಟ್ಟಿದ್ದಲ್ವಾ?’

‘ನೀನು ಹಾಗೆ ಹುಟ್ಟಿದೆ. ನಿಮ್ಮಮ್ಮ ಹಾಗೇ ಸತ್ತಳು. ಅದನ್ನೂ ಹೇಳಿದಾನಾ ನಿಮ್ಮಪ್ಪ?’

‘ಶುರುವಾಯ್ತು! ಸಾಂತೊ, ಕಿಟಕಿ ಹಾಕಿ, ಅಕ್ಕಪಕ್ಕದವರು ಈ ವರ್ಷದ್ದೂ ಕೇಳಿಸ್ಕೋತಾರೆ.’ ಅವಳು ತಟ್ಟೆ ಸರಿಸಿದಳು. ‘ದೊಡ್ಡಮ್ಮ, ಅಮ್ಮ ಉಳೀತಿರ್ಲಿಲ್ಲ. ಪಿಪ್ಪೀನಜ್ಜಿ ಸಾಯೋ ಮುಂಚೆ ನಂಗೇ ಹೇಳಿದಾರೆ. ನೀನೊಬ್ಳು ಬಿಟ್ರೆ ಇಡೀ ಊರು ಸುಳ್ಳಾ?’

‘ಹೌದು, ಇಡೀ ಊರು ಸುಳ್ಳು,’ ಅಂದೆ.

‘ಅಪ್ಪಂಗೆ ಇಳಿಸೋಕೆ ಆಗೋ ಹಾಗಿದ್ದಿದ್ರೆ ಇಳಿಸ್ತಿರ್ಲಿಲ್ವಾ? ಅವರ ಹೆಂಡ್ತಿ ಅಲ್ವಾ? ಆಗ್ತಿರ್ಲಿಲ್ಲ, ಅಷ್ಟೇ. ಆ ಭಾರ, ಆ ಬೀದಿ, ಆ ಜನ. ಯಾರಿಂದ್ಲೂ ಆಗ್ತಿರ್ಲಿಲ್ಲ.’

ಅದೇ ಅವಳ ಆಧಾರ. ಆಗುತ್ತಿರಲಿಲ್ಲ ಅನ್ನುವುದು. ಅದರ ಮೇಲೆ ಅಪ್ಪನನ್ನು ನಿಲ್ಲಿಸಿಕೊಂಡಿದ್ದಳು, ತನ್ನನ್ನೂ ನಿಲ್ಲಿಸಿಕೊಂಡಿದ್ದಳು. ನಾನು ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಸಾಂತೊನನ್ನು ಒಳಗೆ ಕರೆದು, ಕಾರಿಗೆ ಪೆಟ್ರೋಲು ತುಂಬಿಸಿಡು, ಮೂತಿ ಕೆಳಗಡೆಗೆ ತಿರುಗಿಸಿ ನಿಲ್ಲಿಸು ಅಂದೆ. ಅವನು ಹೆಂಡತಿಗೆ ಕೇಳಿಸದ ಹಾಗೆ ಹೂಂ ಅಂದ.

ಶುಕ್ರವಾರ ಮಧ್ಯಾಹ್ನ ದೋರ ಬಾಗಿಲ ಮುಂದೆ ಹಾಸಲು ಅಂತ ಕಪಾಟಿನಿಂದ ಕಸೂತಿ ಹೊದಿಕೆ ತೆಗೆಯುತ್ತಿದ್ದಳು. ‘ದೊಡ್ಡಮ್ಮ’ ಅಂದಳು, ಅಷ್ಟೇ. ತಿರುಗಿ ನೋಡಿದರೆ ಕಾಲಿನ ಕೆಳಗೆ ನೆಲ ಕೆಂಪಾಗಿತ್ತು. ಅವಳ ಮುಖ ನೋಡಿದೆ, ಅದು ಅಗತೀನಳ ಮುಖ. ಸಾಂತೊ ಆಂಬುಲೆನ್ಸಿಗೆ ಫೋನು ಮಾಡಿದ. ಅಲ್ಲಿಂದ ಬಂದು ಹೋಗುವಷ್ಟು ಹೊತ್ತಿಲ್ಲ, ನೀವೇ ಹೊರಡಿ, ದಾರಿಯಲ್ಲಿ ಎದುರಾಗುತ್ತೇವೆ ಅಂದರು. ಇಬ್ಬರೂ ಸೇರಿ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ನಾನು ಹತ್ತಲಿಲ್ಲ. ಕೆಳಗಡೆ ತಮಟೆ ಶುರುವಾಗಿತ್ತು.

ಒಲೆ ಕೆದಕುವ ಕಬ್ಬಿಣದ ಸಲಾಕೆ ಕೈಗೆ ಸಿಕ್ಕಿತು. ಹಿಡಿದುಕೊಂಡು ಓಡಿದೆ, ಈ ಎಪ್ಪತ್ತರ ಹತ್ತಿರದ ಕಾಲಲ್ಲಿ. ನನ್ನ ಉದ್ದೇಶ ನನಗೆ ಚೆನ್ನಾಗಿ ಗೊತ್ತಿತ್ತು. ಲಿಬೋರಿಯೊ ಗಂಟೆಯನ್ನು ಒಂದೇ ಸಮ ಬಾರಿಸಲು ಕೈ ಎತ್ತಿದರೆ ಆ ಕೈ ಮುರಿಯಬೇಕು. ಮಾತೆ ಬೇಕಾದರೆ ಮೇಲೆ ನಿಂತು ಸಾಕ್ಷಿ ಹೇಳಲಿ.

ಕಲ್ಲುತೊಟ್ಟಿಯ ಬಳಿ ಎದುರಾದರು. ಅದೇ ಗೋಡೆಯಿಂದ ಗೋಡೆಗೆ ಗಂಡಸರು, ಮುಂದೆ ಲಿಬೋರಿಯೊ. ತಲೆ ಬೆಳ್ಳಗಾಗಿತ್ತು, ಅಂಗಿ ಇಸ್ತ್ರಿಯಾಗಿತ್ತು. ನನ್ನ ಹಿಂದೆಯೇ ಸಾಂತೊನ ಕಾರು ಬಂದು ನಿಂತಿತು.

‘ದೋರ!’ ಅಂತ ನಾನು ಕೂಗಿದೆ. ‘ನೆತ್ರು! ಲಿಬೋರಿಯೊ, ಈ ಸಲ ಮಾತ್ರ ನೀನು...’

ಮುಂದಿನದೆಲ್ಲ ಬಾಯಲ್ಲಿ ತಯಾರಿತ್ತು. ಇಪ್ಪತ್ತೆಂಟು ವರ್ಷದಿಂದ ಮಸೆದು ಇಟ್ಟ ಬೈಗುಳ, ಶಾಪ, ಅವನ ತಾತನವರೆಗೆ. ಹೇಳಲು ಅವನು ಬಿಡಲಿಲ್ಲ. ಅವನು ಕಾರಿನ ಗಾಜಿನ ಕಡೆ ನೋಡಿದ. ಮುಖ ಸುಣ್ಣವಾಯಿತು. ಗಂಟೆಯನ್ನು ಎರಡು ಸಲ ಬಾರಿಸಿದ, ನಿಲ್ಲಿ ಅಂತ.

‘ಇಳಿಸಿ,’ ಅಂದ.

ಮುಂದಿನ ಸಾಲಿನ ಹುಡುಗನೊಬ್ಬ ಕಣ್ಣು ಬಿಟ್ಟ. ‘ಮೇಸ್ತ್ರಿ, ನಾವು ಇಳಿಸಲ್ಲ ಅಲ್ವಾ...’

‘ಇಳಿಸೋ ಬೇವರ್ಸಿ! ತೊಟ್ಟಿ ಮೇಲೆ! ಎಡಕ್ಕೆ ಸರೀರಿ, ಎಡಕ್ಕೆ! ಬಲಗಡೆಯವರು ಹೆಗಲು ತಗ್ಗಿಸಿ!’

ಸರಿದರು. ಎಡ ತೊಲೆ ಕಟ್ಟೆಯ ಮೇಲೆ ಕೂತಿತು, ಎಡಗಡೆಯವರು ಗೋಡೆಗೆ ಬೆನ್ನು ಅಂಟಿಸಿಕೊಂಡರು. ಮಾತೆ ಸ್ವಲ್ಪ ವಾಲಿದಳು, ಒಂದು ಮೇಣದಬತ್ತಿ ಬಿದ್ದು ಆರಿತು. ಸಾಂತೊ ಕಾರಿನ ಕನ್ನಡಿ ಮಡಚಿದ, ಮೆಲ್ಲಗೆ ನುಸುಳಿದ, ಆಚೆ ಹೋದ, ಹಾರ್ನು ಹೊಡೆಯುತ್ತಾ ಡಾಂಬರು ರಸ್ತೆಗೆ ಇಳಿದು ಮರೆಯಾದ. ನಾನು ಕನ್ನಡಕ ಹಾಕಿಕೊಂಡು ಒಂದು ಸೂಜಿಗೆ ದಾರ ಪೋಣಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಗಂಡಸರು ಮತ್ತೆ ಎತ್ತಿಕೊಂಡರು. ಸಿಡಿಲು ಬೀಳಲಿಲ್ಲ. ಯಾರ ಕೈಯೂ ಸೇದಿ ಹೋಗಲಿಲ್ಲ. ಪಲ್ಲಕ್ಕಿ ನನ್ನನ್ನು ಬಳಸಿಕೊಂಡು ಮೇಲೆ ಹೋಯಿತು.

ನಾನು ಆ ಸಲಾಕೆ ಹಿಡಿದು ನಡುಬೀದಿಯಲ್ಲಿ ಕೂತು ಗೋಳೋ ಅಂತ ಅತ್ತೆ. ಅಗತೀನಳ ಹೆಣದ ಮುಂದೆಯೂ ನಾನು ಹಾಗೆ ಅತ್ತಿರಲಿಲ್ಲ. ಎದುರು ಮನೆಯವಳು ಬಂದು ಬೆನ್ನು ಸವರಿ ‘ಅಳು ಜೆಸುವಾಲ್ದ, ಸಂತೋಷದ ಅಳು, ಅಳು’ ಅಂದಳು. ದಡ್ಡಿ. ಇಷ್ಟೇನಾ ಅಂತ ಅಳುತ್ತಿದ್ದೆ ನಾನು. ಇಷ್ಟೇ ಆಗಿತ್ತಲ್ಲ ಅಂತ. ಇಷ್ಟು ವರ್ಷ ಅವರನ್ನು ದ್ವೇಷಿಸುವಾಗಲೂ, ಎಲ್ಲೋ ಒಳಗೆ, ಅದು ತುಂಬ ಕಷ್ಟದ ಕೆಲಸವಿರಬೇಕು ಅಂತ ನಾನೇ ಅವರಿಗೆ ರಿಯಾಯಿತಿ ಕೊಟ್ಟಿದ್ದೆನಲ್ಲ ಅಂತ.

ದೋರ ಉಳಿದಳು. ಹೊಟ್ಟೆ ಕುಯ್ದು ಹೆಣ್ಣುಮಗು ತೆಗೆದರು, ಅದೂ ಗಟ್ಟಿಯಾಗಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಅಂತ ಡಾಕ್ಟರಮ್ಮ ನನಗೆ ಹೇಳಿದಳು. ಮಾರನೇ ದಿನ ನಾನು ಹೋದಾಗ ದೋರ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮಗು ಪಕ್ಕದಲ್ಲಿತ್ತು.

‘ದೊಡ್ಡಮ್ಮ, ನಾನು ಕಣ್ಣು ಬಿಟ್ಕೊಂಡೇ ಇದ್ದೆ,’ ಅಂದಳು. ‘ಇಳಿಸಿ ಅಂದ್ರು. ಇಳಿಸಿದ್ರು. ನಾವು ಹೋದ್ವಿ.’

‘ಹೂಂ ಪುಟ್ಟಿ.’

‘ಅಮ್ಮನ ಸಲಾನೂ ಆ ತೊಟ್ಟಿ ಅಲ್ಲೇ ಇತ್ತಾ?’

‘ಅಲ್ಲೇ ಇತ್ತು.’

ಅವಳು ಅಳಲಿಲ್ಲ. ‘ಅಪ್ಪನ್ನ ಇಲ್ಲಿಗೆ ಬಿಡಬೇಡ,’ ಅಂದಳು. ಇಪ್ಪತ್ತೆಂಟು ವರ್ಷ ನಾನು ಗಂಟಲು ಹರಿದುಕೊಂಡು ಹೇಳಿದ್ದನ್ನು ನಂಬದವಳು, ಅವನು ಅವಳನ್ನು ಉಳಿಸಿದ ಮರುದಿನ ನಂಬಿದಳು. ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಅಂಥ ಗೆಲುವು ಬೇಕಿರಲಿಲ್ಲ ನನಗೆ.

ಊರಿಗೆ ಮಾತ್ರ ಹೊಸ ಹಬ್ಬ. ಮಗಳಿಗಾಗಿ ಕಟ್ಟಳೆ ಮುರಿದ ಲಿಬೋರಿಯೊನ ಹೃದಯ ಎಷ್ಟು ದೊಡ್ಡದು, ಮಾತೆಯೇ ಅವನ ಬಾಯಲ್ಲಿ ಕೂತು ‘ಇಳಿಸಿ’ ಅಂದಳು, ಹೀಗೆಲ್ಲ. ರೊಟ್ಟಿ ಅಂಗಡಿಯಲ್ಲಿ ನನ್ನ ಕೈ ಹಿಡಿದು ‘ಇನ್ನಾದ್ರೂ ಅವನನ್ನ ಕ್ಷಮಿಸಿಬಿಡು’ ಅಂದರು. ರೊಟ್ಟಿ ಬಿಟ್ಟು ಬಂದೆ.

ಈಸ್ಟರ್ ಸೋಮವಾರ ಅವನೇ ಬಂದ. ಬಾದಾಮಿ ಹಿಟ್ಟಿನಲ್ಲಿ ಕುರಿಮರಿಯ ಆಕಾರ ಮಾಡಿದ ಈಸ್ಟರ್ ಸಿಹಿಯ ಡಬ್ಬಿ ಕೈಯಲ್ಲಿತ್ತು.

‘ಆಸ್ಪತ್ರೆಗೆ ಹೊರಟಿದೀರಾ ಅತ್ತಿಗೆ? ಜೊತೆಗೇ ಬರ್ತೀನಿ. ಮೊಮ್ಮಗಳನ್ನ ನೋಡ್ಬೇಕು.’

‘ಬರಬೇಡ ಅಂದಿದಾಳೆ.’

‘ಯಾರು?’

‘ನಿನ್ನ ಮಗಳು.’

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಯಾಕೆ ಅಂತ ಕೇಳಲಿಲ್ಲ. ಕೇಳದೇ ಇದ್ದದ್ದರಿಂದ ಅವನಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು ಅಂತ ನನಗೆ ಗೊತ್ತಾಯಿತು. ಒಳಗೆ ಕರೆಯಲಿಲ್ಲ. ಅಲ್ಲೇ ನಿಲ್ಲಿಸಿ ಕೇಳಿದೆ.

‘ಆಗ ಯಾಕೆ ಇಳಿಸ್ಲಿಲ್ಲ?’

‘ಆಗ ಗಂಟೆ ನನ್ನ ಕೈಲಿರ್ಲಿಲ್ಲ ಅತ್ತಿಗೆ. ಬಾರ್ತೊಲೊ ಮೇಸ್ತ್ರಿ...’

‘ಹೆಗಲು ನಿನ್ನದಿತ್ತಲ್ಲ.’

‘ಚಿಕ್ಕ ವಯಸ್ಸು. ಕಟ್ಟಳೆ ಅಂದ್ರೆ ಕಟ್ಟಳೆ ಅಂತಿದ್ದ ಕಾಲ. ತೂಗಿದ್ರೆ ಉಳೀತಾಳೆ ಅಂತ ನಂಬಿದ್ದೆ.’

‘ನಂಬಿದ್ದೆಯಾ? ನನ್ನ ಮುಖ ನೋಡಿ ಹೇಳು. ನಾನು ನಿನ್ನ ಅಂಗಿ ಹಿಡಿದು ಸಾಯ್ತಿದಾಳೆ ಅಂದಾಗ ನಂಬಿದ್ದೆಯಾ?’

ಅವನು ಬೀದಿಯ ಕಡೆ ನೋಡಿದ. ನಾನು ಅವನ ಕಣ್ಣೀರಿಗೆ ಕಾದೆ, ಬಂದರೆ ಬಾಗಿಲು ಬಡಿಯಲು ತಯಾರಾಗಿ. ಕಣ್ಣೀರು ಬರಲಿಲ್ಲ.

‘ಇಲ್ಲ,’ ಅಂದ. ‘ಗೊತ್ತಿತ್ತು. ಆದ್ರೆ ತುಂಬ ಚೆನ್ನಾಗಿ ಆಗ್ತಿತ್ತು ಅತ್ತಿಗೆ. ನಲವತ್ತು ಜನ ಒಂದೇ ಮೈ ಆಗ್ಬಿಟ್ಟಿದ್ವಿ. ಅಷ್ಟು ಚೆನ್ನಾಗಿ ನಾವು ಯಾವತ್ತೂ ತೂಗಿರ್ಲಿಲ್ಲ. ನಾನೊಬ್ಬ ಹೆಗಲು ತೆಗೆದಿದ್ರೆ ಕೆಟ್ಟುಹೋಗ್ತಿತ್ತು.’